ಬಿಎಫ್‌ಸಿ 10ನೇ ಸ್ಥಾನಕ್ಕಿಳಿದದ್ದು ಕೋಚ್ ಒಬ್ಬರಿಂದಲ್ಲ
ತೋರಣಗಲ್ಲಿನ ಗೆಳೆಯರೇ, 2023-24ರ ಐಎಸ್‌ಎಲ್ ಫುಟ್‌ಬಾಲ್ ಲೀಗ್‌ನಲ್ಲಿ ನಮ್ಮ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) 10ನೇ ಸ್ಥಾನಕ್ಕೆ ಕುಸಿಯೋಕೆ ಕೋಚ್ ಗ್ರೇಸನ್ ಒಬ್ಬರೇ ಕಾರಣನಾ ಅಂತ ಕೇಳಿದ್ದೀರಿ. ಅಲ್ಲರೀ. ಸೀಸನ್‌ಗೆ ಮೊದಲೇ ಫಾರ್ವರ್ಡ್ ರಾಯ್ ಕೃಷ್ಣ ಒಡಿಶಾ ತಂಡಕ್ಕೆ, ಡಿಫೆಂಡರ್ ಸಂದೇಶ್ ಜಿಂಗನ್ ಗೋವಾ ತಂಡಕ್ಕೆ ಹೋದರು. ಮುಂದೆ ಓಡಿ ಒತ್ತಡ ಹಾಕೋರು, ಹಿಂದೆ ಲೈನ್ ಹಿಡಿದು ನಿಲ್ಲಿಸೋರು ಒಟ್ಟಿಗೇ ಕೈಬಿಟ್ಟಂಗಾಯ್ತು. ಗೋಲಿನ ಭಾರ 39ರ ಛೆಟ್ರಿ ಮೇಲೆ ಬಿತ್ತು, ಅದು ನಿಜಕ್ಕೂ ಅನ್ಯಾಯ. ಡಿಸೆಂಬರ್‌ನಲ್ಲಿ ಕಂಠೀರವದಲ್ಲೇ ಮುಂಬೈಗೆ 4-0 ಸೋತ ಮೇಲೆ ಗ್ರೇಸನ್ ಹೋಗಿ ಹೊಸ ಕೋಚ್ ಆಗಿ ಜರಗೋಜಾ ಬಂದರು. ಆದರೂ 22 ಪಂದ್ಯಕ್ಕೆ 22 ಪಾಯಿಂಟ್ ಅಷ್ಟೇ.

ಆ ಸೀಸನ್‌ನ ಮ್ಯಾಚ್ ಮತ್ತೆ ಹಾಕಿ ನೋಡೋದಾದರೆ, ನಮ್ಮವರು ಚೆಂಡು ಕಳ್ಕೊಂಡ ಮೇಲಿನ 5 ಸೆಕೆಂಡ್ ಗಮನಿಸಿ. ಫಾರ್ವರ್ಡ್‌ಗಳು ಮೇಲೇ ಉಳಿದು ಡಿಫೆನ್ಸ್ ಹಿಂದೆ ಸರಿದರೆ ನಡುವೆ ಜಾಗ ಖಾಲಿ. ಎದುರಾಳಿ ಅಲ್ಲೇ ಆರಾಮಾಗಿ ತಿರುಗಿ ಪಾಸ್ ಕೊಡ್ತಾನೆ.