ಸಂಪಾದಕರ ಉತ್ತರ: ಐವತ್ತು ನಿಮಿಷ ಸೇರಿಸಿದರೆ ಸಿನಿಮಾ ಪೂರ್ತಿ ಆಯಿತೇ?

ಹೋದ ಸಂಚಿಕೆಯ ಹೋಮ್ ವಿಡಿಯೋ ಪುಟದಲ್ಲಿ ನಾವು ಒಂದು ಮಾತು ಬರೆದಿದ್ದೆವು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಸರಣಿಯನ್ನು ಮೊದಲ ಸಲ ನೋಡುವವರು ಥಿಯೇಟರ್ ಆವೃತ್ತಿಯನ್ನೇ ನೋಡಲಿ, ಐವತ್ತು ನಿಮಿಷದವರೆಗೂ ಹೆಚ್ಚುವರಿ ದೃಶ್ಯಗಳಿರುವ ಎಕ್ಸ್‌ಟೆಂಡೆಡ್, ಅಂದರೆ ದೊಡ್ಡ ಆವೃತ್ತಿ, ಆಮೇಲೆ ಇದ್ದೇ ಇದೆ, ಅಂತ. ಉಡುಪಿ ಕಡೆಯ ಓದುಗರೊಬ್ಬರಿಗೆ ಇದು ಸ್ವಲ್ಪವೂ ಹಿಡಿಸಿಲ್ಲ. ಅವರ ಪತ್ರದ ಸಾರ ಇಷ್ಟು: ‘ಥಿಯೇಟರಿಗೆ ಬಂದದ್ದು ಕತ್ತರಿ ಹಾಕಿದ ಸಿನಿಮಾ. ಡಿಸ್ಕಿನಲ್ಲಿ ಬಂದದ್ದೇ ಪೂರ್ತಿ ಸಿನಿಮಾ. ಇಡೀ ರಾತ್ರಿಯ ಯಕ್ಷಗಾನ ಆಟ ಕಣ್ಣೆದುರು ಇರುವಾಗ, ಮೊಟಕು ಮಾಡಿದ ಕಾಲಮಿತಿ ಆಟಕ್ಕೆ ಹೋಗಿ ಎನ್ನುತ್ತಿದ್ದೀರಲ್ಲ! ಅಕ್ಕನ ಮಗಳಿಗೆ ಈ ರಜೆಯಲ್ಲಿ ತೋರಿಸಬೇಕು ಅಂತಿದ್ದೇನೆ. ಅರ್ಧ ಸಿನಿಮಾ ತೋರಿಸಲೇ?’

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಈ ಜಗಳ ನಮ್ಮ ಕಚೇರಿಯಲ್ಲೂ ಇದೆ. ಪುಟ ಕಟ್ಟುವ ಹುಡುಗ ನಿಮ್ಮ ಪಕ್ಷ, ನಾನು ಎದುರು ಪಕ್ಷ.

ಮೊದಲು ಕಾಲಮಿತಿಯ ಮಾತು. ಅಲ್ಲಿ ಪ್ರಸಂಗ ಮೊದಲೇ ಇರುತ್ತದೆ. ಇಡೀ ರಾತ್ರಿಯದನ್ನು ಕೆಲವೇ ಗಂಟೆಗೆ ಇಳಿಸುತ್ತಾರೆ. ಇಲ್ಲಿ ಆದದ್ದು ಉಲ್ಟಾ. ನಿರ್ದೇಶಕ ಪೀಟರ್ ಜಾಕ್ಸನ್ ಮೊದಲು ಮುಗಿಸಿದ್ದು ಥಿಯೇಟರಿನದನ್ನು. ಮೂರು ಭಾಗ, ಮೂರು ಡಿಸೆಂಬರ್, 2001ರಿಂದ 2003. 178 ನಿಮಿಷ, 179 ನಿಮಿಷ, 201 ನಿಮಿಷ. ದೊಡ್ಡ ಆವೃತ್ತಿಯನ್ನು ಪ್ರತಿ ಸಲವೂ ಸುಮಾರು ಒಂದು ವರ್ಷ ಬಿಟ್ಟು ಡಿವಿಡಿಗೆ ಅಂತಲೇ ಕೂತು ಕಟ್ಟಿದರು. ಚಿತ್ರೀಕರಿಸಿ ಪಕ್ಕಕ್ಕಿಟ್ಟಿದ್ದ ದೃಶ್ಯಗಳನ್ನು ತೆಗೆದು, ಗ್ರಾಫಿಕ್ಸ್ ಕೆಲಸ ಮಾಡಿಸಿದರು. ಸಂಗೀತಗಾರ ಹೋವರ್ಡ್ ಶೋರ್ ಹೊಸ ದೃಶ್ಯಗಳಿಗೆ ಹೊಸದಾಗಿ ಸಂಗೀತ ಬರೆದು ರೆಕಾರ್ಡ್ ಮಾಡಿದರು. ಅಂದರೆ ಎಲ್ಲೋ ಒಂದು ಪೂರ್ತಿ ಸಿನಿಮಾ ಸಿದ್ಧವಾಗಿ ಕೂತಿತ್ತು, ಯಾರೋ ಬಂದು ಕತ್ತರಿಸಿದರು ಅಂತೇನಿಲ್ಲ. ಥಿಯೇಟರ್ ಆವೃತ್ತಿಯೇ ತಮ್ಮ ಮುಖ್ಯ ಆವೃತ್ತಿ ಅಂತ ಜಾಕ್ಸನ್ ಅವರೇ ಹೇಳಿದ್ದಾರೆ. ಮೂರನೇ ಭಾಗಕ್ಕೆ 2004ರ ಫೆಬ್ರವರಿಯಲ್ಲಿ ಆಸ್ಕರ್ ಬಂತಲ್ಲ, ಹನ್ನೊಂದಕ್ಕೆ ಹನ್ನೊಂದು, ಅದೂ ನೀವು ಅರ್ಧ ಅನ್ನುವ ಆ 201 ನಿಮಿಷಕ್ಕೇ. ದೊಡ್ಡದು ಅಂಗಡಿಗೆ ಬಂದದ್ದು ಆ ವರ್ಷದ ಡಿಸೆಂಬರಿನಲ್ಲಿ.

ಹಾಗಂತ ದೊಡ್ಡದೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ದೃಶ್ಯ ದೃಶ್ಯ ನೋಡಿ ತೀರ್ಮಾನಿಸಬೇಕು.

ಎರಡನೇ ಭಾಗದ ಫರಾಮಿರ್ ತಗೊಳ್ಳಿ. ಥಿಯೇಟರಿನಲ್ಲಿ ಅವನು ಸುಮ್ನೆ ಒಬ್ಬ ಮೊಂಡ. ಮಾಯದ ಉಂಗುರ ಹೊತ್ತು ಹೊರಟ ನಾಯಕ ಫ್ರೋಡೋನನ್ನು ಹಿಡಿದು, ಗುಹೆಯಲ್ಲಿ ಕತ್ತಿಯ ತುದಿಯಿಂದ ಆ ಉಂಗುರವನ್ನು ಎತ್ತಿ ನೋಡಿ, ಗೊಂಡೋರ್ ರಾಜ್ಯದ ದಂಡನಾಯಕ ಫರಾಮಿರ್ ತನ್ನ ಯೋಗ್ಯತೆ ತೋರಿಸಲು ಇದೊಂದು ಅವಕಾಶ ಎನ್ನುತ್ತಾನೆ. ಖಳನ ಮಾತಿನ ಹಾಗೆ ಕೇಳುತ್ತದೆ. ದೊಡ್ಡ ಆವೃತ್ತಿಯಲ್ಲಿ ಅದಕ್ಕೂ ಮುಂಚೆ ಒಂದು ಹಿಂದಿನ ಕತೆ ಬರುತ್ತದೆ. ಅಣ್ಣ ಬೊರೊಮಿರ್ ಯುದ್ಧ ಗೆದ್ದಿದ್ದಾನೆ, ಅಣ್ಣ ತಮ್ಮ ಕುಡಿದು ನಗುತ್ತಿದ್ದಾರೆ. ಅಷ್ಟರಲ್ಲಿ ಅಪ್ಪ ಬರುತ್ತಾನೆ. ದೊಡ್ಡವನನ್ನು ತಬ್ಬಿಕೊಳ್ಳುತ್ತಾನೆ, ಚಿಕ್ಕವನನ್ನು ಎಲ್ಲರೆದುರು ಹಂಗಿಸುತ್ತಾನೆ. ಉಂಗುರ ತರಲು ನಾನು ಹೋಗುತ್ತೇನೆ ಎಂದು ಫರಾಮಿರ್ ಮುಂದೆ ಬಂದಾಗ ಅಪ್ಪ ಕೊಂಕಿನಿಂದ ಹೇಳುವುದು ಅದೇ ಮಾತು: ಓಹೋ, ಯೋಗ್ಯತೆ ತೋರಿಸಲು ಅವಕಾಶ ಬೇಕಾ ನಿನಗೆ? ಇದನ್ನು ನೋಡಿದ ಮೇಲೆ ಗುಹೆಯಲ್ಲಿ ಅವನು ಆ ಮಾತು ಆಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೂರನೇ ಭಾಗದಲ್ಲಿ ಅಪ್ಪ ಮಗನನ್ನು ಸಾಯಲು ಕಳಿಸುವುದೂ ಆಗ ಸರಿಯಾಗಿ ತಟ್ಟುತ್ತದೆ. ಈ ಒಂದು ದೃಶ್ಯಕ್ಕಾಗಿ ಎರಡನೇ ಭಾಗದ ಮಟ್ಟಿಗೆ ನಾನು ನಿಮ್ಮ ಪಕ್ಷಕ್ಕೆ ಬರಲು ತಯಾರು.

ಸಾರುಮಾನನ ವಿಷಯದಲ್ಲೂ ನಿಮ್ಮದೇ ಗೆಲುವು. ಎರಡು ಭಾಗ ಮೆರೆದ ಖಳ ಮೂರನೇ ಭಾಗದ ಥಿಯೇಟರ್ ಆವೃತ್ತಿಯಲ್ಲಿ ಕಾಣುವುದೇ ಇಲ್ಲ. ಗೋಪುರದೊಳಗೇ ಇರಲಿ ಅಂತ ಮಾತಲ್ಲೇ ಮುಗಿಸಿಬಿಡುತ್ತಾರೆ. ಫ್ರೋಡೋನ ಗೆಳೆಯ ಪಿಪ್ಪಿನ್‌ಗೆ ನೀರಿನಲ್ಲಿ ಸಿಗುವ ಆ ಕಲ್ಲಿನ ಗೋಳ ಅಲ್ಲಿಗೆ ಹೇಗೆ ಬಂತು ಅಂತಲೂ ತಿಳಿಯುವುದಿಲ್ಲ. ಪಾತ್ರ ಮಾಡಿದ ಕ್ರಿಸ್ಟೋಫರ್ ಲೀ ನೊಂದುಕೊಂಡು ಮೊದಲ ಪ್ರದರ್ಶನಕ್ಕೇ ಹೋಗಲಿಲ್ಲ. ಡಿವಿಡಿಯ ದೊಡ್ಡ ಆವೃತ್ತಿಯಲ್ಲಿ ಸಾರುಮಾನನ ಸಾವೂ ಇದೆ, ಗೋಳ ಕೆಳಗೆ ಬಿದ್ದದ್ದೂ ಇದೆ.

ಆದರೆ ಅದೇ ಮೂರನೇ ಭಾಗದಲ್ಲಿ ಇನ್ನೊಂದು ಕಡೆ ನೋಡಿ. ಗೊಂಡೋರಿನ ರಾಜನಾಗಬೇಕಾದ ಅರಗಾರ್ನ್ ಸತ್ತವರ ಸೈನ್ಯದ ಹತ್ತಿರ ಹೋಗಿ ನನ್ನ ಪರ ಹೋರಾಡುತ್ತೀರಾ ಎಂದು ಕೇಳುತ್ತಾನೆ. ಥಿಯೇಟರಿನಲ್ಲಿ ಉತ್ತರ ಬರುವ ಮುಂಚೆಯೇ ದೃಶ್ಯ ಕಟ್. ಆಮೇಲೆ ಎಷ್ಟೋ ಹೊತ್ತು ಯುದ್ಧ, ಊರು ಬೀಳುವ ಹಾಗಿದೆ. ಕಪ್ಪು ಹಡಗುಗಳು ದಡಕ್ಕೆ ಬರುತ್ತವೆ. ಶತ್ರುಗಳು ನಮ್ಮವರೇ ಬಂದರು ಅಂತ ಕಾಯುತ್ತಿದ್ದಾರೆ, ನಾವೂ ಹಾಗೇ ಅಂದುಕೊಂಡಿದ್ದೇವೆ. ಆಗ ಹಡಗಿನಿಂದ ಅರಗಾರ್ನ್ ಹಾರುತ್ತಾನೆ! ಇನ್ನು ದೊಡ್ಡ ಆವೃತ್ತಿ: ತಲೆಬುರುಡೆಗಳ ರಾಶಿ ಕುಸಿಯುತ್ತದೆ, ಸತ್ತವರ ರಾಜ ಹೊರಗೆ ಬಂದು ಹೋರಾಡುತ್ತೇವೆ ಎನ್ನುತ್ತಾನೆ, ಹಡಗುಗಳ್ಳರನ್ನು ತಡೆಯುವುದನ್ನೂ ತೋರಿಸುತ್ತಾರೆ. ನಮಗೆ ಎಲ್ಲ ಗೊತ್ತಾಗಿಬಿಟ್ಟಿತು. ಹಡಗು ದಡ ಸೇರುವಾಗ ಉಳಿದದ್ದು ಬರೀ ಕಾಯುವ ಕೆಲಸ. ಮೊದಲ ಸಲ ನೋಡುವ ಮಗುವಿನಿಂದ ಆ ಕ್ಷಣವನ್ನು ಕಿತ್ತುಕೊಳ್ಳಬೇಡಿ ಅಂತಲೇ ನಾವು ಬರೆದದ್ದು. ಹತ್ತು ಸಲ ನೋಡಿದ ನಿಮಗೆ ಅದು ಹೇಗೂ ಗೊತ್ತು, ನಿಮಗೆ ಬೇಕಾದದ್ದು ಆ ಲೋಕದಲ್ಲಿ ಇನ್ನಷ್ಟು ಹೊತ್ತು ಇರುವುದು. ಬೇಕಾದಾಗ ನಿಲ್ಲಿಸಿ, ಡಿಸ್ಕ್ ಬದಲಿಸುವಾಗ ಕಾಫಿ ಮಾಡಿಕೊಂಡು ಬಂದು ಕೂರುವವರ ಸಿನಿಮಾ ಅದು.

ನಿರ್ದೇಶಕರ ಸಿನಿಮಾವನ್ನು ಕಂಪನಿಯವರು ಹಾಳು ಮಾಡುವುದೇ ಇಲ್ಲವಾ ಅಂತಲೂ ಕೇಳಿದ್ದೀರಿ. ಧಾರಾಳವಾಗಿ ಮಾಡುತ್ತಾರೆ. 2005ರ ‘ಕಿಂಗ್‌ಡಮ್ ಆಫ್ ಹೆವನ್’ ಥಿಯೇಟರಿನಲ್ಲಿ ನೋಡಿದವರಿಗೆ ರಾಣಿಗೆ ಒಬ್ಬ ಮಗನಿದ್ದ ಅಂತಲೇ ಗೊತ್ತಿಲ್ಲ. ಆ ಹುಡುಗನ ಕತೆ ಪೂರ್ತಿ ಹಾರಿಹೋಗಿತ್ತು, ರಾಣಿ ಯಾಕೆ ಹಾಗೆ ಕುಸಿದಳು ಅಂತಲೇ ತಿಳಿಯುತ್ತಿರಲಿಲ್ಲ. ಅಲ್ಲಿ ದೊಡ್ಡದನ್ನು ಬಿಟ್ಟು ಬೇರೇನೂ ನೋಡಬೇಡಿ. ‘ಬ್ಲೇಡ್ ರನ್ನರ್’ ಕತೆ ಬೇರೆ. 1982ರಲ್ಲಿ ಅಂಟಿಸಿದ್ದ ನಾಯಕನ ಹಿನ್ನೆಲೆ ಮಾತು ಮತ್ತು ಸುಖಾಂತ್ಯವನ್ನು ಆಮೇಲೆ ತೆಗೆದುಹಾಕಿದರು. 2007ರ ಕೊನೆಯ ಆವೃತ್ತಿ ಉದ್ದದಲ್ಲಿ ಹೆಚ್ಚುಕಮ್ಮಿ ಮೊದಲಿನಷ್ಟೇ.

ನಿಜವಾದ ಕತ್ತರಿ ನೋಡಬೇಕಾದರೆ ನಮ್ಮ ರಾಮನಗರದ ಬಂಡೆಗಳ ಹತ್ತಿರವೇ ಹೋಗಬಹುದು. ‘ಶೋಲೆ’ಯಲ್ಲಿ ಠಾಕೂರ್ ಮೊಳೆ ಹೊಡೆದ ಬೂಟಿನಿಂದ ಗಬ್ಬರ್‌ನನ್ನು ಕೊಂದೇ ಬಿಡುತ್ತಾನೆ. ರಮೇಶ್ ಸಿಪ್ಪಿ ಮೊದಲು ತೆಗೆದದ್ದು ಹಾಗೆ. ಆಗ ತುರ್ತು ಪರಿಸ್ಥಿತಿ. ಮಾಜಿ ಪೊಲೀಸ್ ಅಧಿಕಾರಿಯೇ ಕಾನೂನು ಕೈಗೆತ್ತಿಕೊಳ್ಳುವುದನ್ನು ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಮತ್ತೆ ಚಿತ್ರೀಕರಿಸಿ, ಕೊನೆ ಗಳಿಗೆಗೆ ಪೊಲೀಸರು ಬಂದು ತಡೆಯುವ ಹಾಗೆ ಮಾಡಿದರು. 1975ರ ಆಗಸ್ಟ್ 15ರಿಂದ ಟಾಕೀಸಿನಲ್ಲಿ ಜನ ನೋಡಿದ್ದು ಅದನ್ನೇ. ಹಳೆಯ ಅಂತ್ಯ ವರ್ಷಗಳ ನಂತರ ಹೋಮ್ ವಿಡಿಯೋದಲ್ಲಿ ಅವರಿವರ ಕೈಗೆ ಸಿಕ್ಕಿತು. ಅದೇ ಅಂತ್ಯವಿರುವ ಪುನರುಜ್ಜೀವಿತ ಪ್ರತಿ 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ದೊಡ್ಡ ಪರದೆಗೆ ಬಂತು. ಇಲ್ಲಿ ‘ಪೂರ್ತಿ ಸಿನಿಮಾ’ ಅಂತ ನೀವು ಹೇಳಿದರೆ ನಾನು ತಲೆದೂಗುತ್ತೇನೆ. ಆದರೂ ಪೊಲೀಸರು ಬರುವ ‘ಶೋಲೆ’ ಅಳಿಸಿಹೋಗಬಾರದು. ಊರೂರಲ್ಲಿ ಜನ ಸಂಭಾಷಣೆ ಬಾಯಿಪಾಠ ಮಾಡಿದ್ದು ಅದನ್ನು ನೋಡಿಯೇ, ಅಲ್ವಾ?

ನನ್ನ ತಕರಾರು ಇರುವುದು ಒಂದನ್ನು ಮಾರಿ ಇನ್ನೊಂದನ್ನು ಮುಚ್ಚಿಡುವವರ ಮೇಲೆ. 2010ರಲ್ಲಿ ‘ರಿಂಗ್ಸ್’ ಮೊದಲ ಸಲ ಬ್ಲೂ-ರೇಗೆ ಬಂದಾಗ ಥಿಯೇಟರ್ ಆವೃತ್ತಿ ಮಾತ್ರ ಇತ್ತು. ದೊಡ್ಡದು 2011ರಲ್ಲಿ ಬಂತು. ಒಂದೇ ಸಿನಿಮಾಕ್ಕೆ ಎರಡು ಸಲ ದುಡ್ಡು. ಅಭಿಮಾನಿಗಳು ಕಿಡಿಕಾರಿದ್ದು ಸುಮ್ನೆ ಅಲ್ಲ. ಸಾಲದ್ದಕ್ಕೆ 2011ರ ಮೊದಲ ಭಾಗಕ್ಕೆ ಹಸಿರು ಬಣ್ಣ ಮೆತ್ತಿದ ಹಾಗಿತ್ತು, ಹಿಮ ಕೂಡ ಹಸಿರು! ಎರಡೂ ಆವೃತ್ತಿ ಒಟ್ಟಿಗೆ ಇರುವ 4ಕೆ ಪೆಟ್ಟಿಗೆ 2020ರ ಡಿಸೆಂಬರಿನಲ್ಲಿ ಬಂತು.

ಅಕ್ಕನ ಮಗಳಿಗೆ ಹೀಗೆ ತೋರಿಸಿ: ಮೊದಲನೆಯದು ಥಿಯೇಟರಿನದು, ಎರಡನೆಯದು ದೊಡ್ಡದು, ಮೂರನೆಯದು ಮತ್ತೆ ಥಿಯೇಟರಿನದು. ಸಾರುಮಾನ್ ಎಲ್ಲಿ ಹೋದ ಅಂತ ಅವಳು ಕೇಳಿಯೇ ಕೇಳುತ್ತಾಳೆ. ಆ ದೃಶ್ಯವನ್ನು ದೊಡ್ಡ ಡಿಸ್ಕಿನಿಂದ ಬೇರೆಯಾಗಿ ಹಾಕಿ. ಪೆಟ್ಟಿಗೆಯ ಹಿಂದೆ ದೊಡ್ಡ ಆವೃತ್ತಿಯ ಮೊದಲ ಭಾಗ 228 ನಿಮಿಷ ಅಂತ ಬರೆದಿದ್ದರೆ ಹಿಗ್ಗಬೇಡಿ. ಸಿನಿಮಾ 208 ನಿಮಿಷ. ಮಿಕ್ಕದ್ದು ಅಭಿಮಾನಿ ಸಂಘದ ಸದಸ್ಯರ ಹೆಸರುಗಳು, ಸಾಲು ಸಾಲಾಗಿ ಮೇಲೇರುತ್ತಾ ಹೋಗುತ್ತವೆ. ಅದನ್ನು ಪೂರ್ತಿ ಕೂತು ನೋಡುತ್ತೇನೆ ಅಂತ ನಮ್ಮ ಪುಟ ಕಟ್ಟುವ ಹುಡುಗ ಹೇಳುತ್ತಾನೆ. ನಾನಂತೂ ನಂಬಿಲ್ಲ.

— ಸಂ.