ಐದಕ್ಕೆ ಏಳುವುದನ್ನು ಯಾಕೆ ಬಿಟ್ಟಿರಿ?

ಪ್ರಶ್ನೆ: ಕೆಲಸದ ಸಂದರ್ಶನದಲ್ಲಿ ದಿನಚರಿ ಕೇಳಿದರು. ‘ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೈವ್’ ಎಂದೆ. ‘ಈಗ ಯಾಕೆ ಬಿಟ್ಟಿರಿ?’ ಅಂತ ನಕ್ಕರು. ನಾನು ಈಗಲೂ ಐದಕ್ಕೇ ಏಳುತ್ತೇನೆ! ‘ಐ ಆಮ್ ಯೂಸ್ಡ್ ಟು’ ಅನ್ನಬೇಕಿತ್ತಾ? ಎರಡೂ ಒಂದೇ ಥರ ಕೇಳಿಸುತ್ತವೆ. ಹಾಗೇ, ಇಮೇಲ್‌ನಲ್ಲಿ ‘ಬೇರ್ ವಿತ್ ಮಿ’ ಬರೆಯುವಾಗ ಯಾವ ‘ಬೇರ್’?
– ಓದುಗರೊಬ್ಬರು, ಹಾಸನ

ಉತ್ತರ: ನಕ್ಕವರನ್ನು ಬೈಯಬೇಡಿ. ‘ಐ ಯೂಸ್ಡ್ ಟು’ ಅಂದರೆ ‘ಏಳುತ್ತಿದ್ದೆ’. ಈಗ ಏಳಲ್ಲ ಅನ್ನುವುದು ಅದರೊಳಗೇ ಇದೆ. ನಾವು ಅದನ್ನು ‘ರೂಢಿ’ ಅಂದುಕೊಂಡು ಈಗಿನ ಅಭ್ಯಾಸಕ್ಕೂ ಬಳಸಿಬಿಡುತ್ತೇವೆ. ಷೇಕ್ಸ್‌ಪಿಯರ್ ಕಾಲದಲ್ಲಿ ಈಗಿನ ರೂಢಿಗೂ ‘ಐ ಯೂಸ್ ಟು’ ನಡೆಯುತ್ತಿತ್ತು. ನೀವು ಸಂದರ್ಶನಕ್ಕೆ 400 ವರ್ಷ ತಡವಾಗಿ ಹೋದಿರಿ, ಅಷ್ಟೇ.

ನಡುವೆ ‘ಆಮ್’ ಬಂತು ಅಂದರೆ ಅರ್ಥವೇ ಬೇರೆ: ‘ಒಗ್ಗಿದ್ದೇನೆ’. ಇಲ್ಲಿನ ‘ಟು’ ನಮ್ಮ ‘ಗೆ, ಕ್ಕೆ’ ಇದ್ದ ಹಾಗೆ. ಚಳಿಗೆ ಒಗ್ಗಿದ್ದೇನೆ: ‘ಐ ಆಮ್ ಯೂಸ್ಡ್ ಟು ದ ಕೋಲ್ಡ್’. ಐದಕ್ಕೆ ಏಳುವುದಕ್ಕೆ ಒಗ್ಗಿದ್ದೇನೆ: ‘ಐ ಆಮ್ ಯೂಸ್ಡ್ ಟು ಗೆಟಿಂಗ್ ಅಪ್ ಅಟ್ ಫೈವ್’. ಕನ್ನಡದಲ್ಲಿ ‘ಏಳು’ ಹೋಗಿ ‘ಏಳುವುದು’ ಆಯ್ತಲ್ವಾ, ಅಲ್ಲಿ ‘ಗೆಟ್’ ಹೋಗಿ ‘ಗೆಟಿಂಗ್’ ಆಗುತ್ತದೆ. ‘ಐ ಆಮ್ ಯೂಸ್ಡ್ ಟು ಗೆಟ್ ಅಪ್’ ಅನ್ನುವುದು ಎರಡರ ಕಲಬೆರಕೆ. ಜಾಸ್ತಿ ಜನ ಎಡವುವುದು ಇಲ್ಲೇ.

ಆದರೆ ಸಂದರ್ಶನದಲ್ಲಿ ನಿಮಗೆ ಇವೆರಡೂ ಬೇಕಿರಲಿಲ್ಲ. ಸುಮ್ನೆ ‘ಐ ಗೆಟ್ ಅಪ್ ಅಟ್ ಫೈವ್’ ಅಂದಿದ್ದರೆ ಮುಗಿಯುತ್ತಿತ್ತು.

ಕಿವಿಯನ್ನು ನಂಬಿ ಕೂರುವ ಹಾಗಿಲ್ಲ. ಎರಡರಲ್ಲೂ ‘ಡ್’ ನುಂಗಿಹೋಗಿ ‘ಯೂಸ್ಟು’ ಅಂತಲೇ ಕೇಳುತ್ತದೆ. ಪೆನ್ ಬಳಸಿದೆ ಅನ್ನುವ ‘ಯೂಸ್ಡ್’ ಮಾತ್ರ ಬೇರೆ. ಅದರಲ್ಲಿ ‘ಸ’ ಇಲ್ಲ, ‘ಜ಼ೂ’ ಅನ್ನುವಾಗಿನ ‘ಜ಼’ ಇದೆ. ಬೆರಳನ್ನು ಗಂಟಲ ಮೇಲಿಟ್ಟು ಹೇಳಿ ನೋಡಿ, ‘ಜ಼’ಗೆ ಗಂಟಲು ನಡುಗುತ್ತದೆ. ‘ಯೂಸ್ಟು’ವಿನ ‘ಸ’ಗೆ ನಡುಗಲ್ಲ.

ಇನ್ನು ‘ಬೇರ್ ವಿತ್ ಮಿ’. ಸ್ವಲ್ಪ ಸಹಿಸಿಕೊಳ್ಳಿ ಅನ್ನಲು ಬಿ-ಇ-ಎ-ಆರ್, ಕರಡಿಯ ಸ್ಪೆಲ್ಲಿಂಗೇ. ಬಿ-ಎ-ಆರ್-ಇ ಬರೆದರೆ ‘ನನ್ನ ಜೊತೆ ಬಟ್ಟೆ ಬಿಚ್ಚಿ’ ಅಂದ ಹಾಗಾಗುತ್ತದೆ. ಮ್ಯಾನೇಜರ್‌ಗೆ ಕಳಿಸುವ ಮೊದಲು ಒಮ್ಮೆ ನೋಡಿಕೊಳ್ಳಿ. ಸ್ಪೆಲ್‌ಚೆಕ್ ಅದಕ್ಕೆ ಕೆಂಪು ಗೆರೆ ಎಳೆಯಲಿಕ್ಕಿಲ್ಲ, ಅದೂ ಸರಿಯಾದ ಪದವೇ ತಾನೆ!