ಹಳೆಯ ಮರದ ನೆರಳಿಗೆ ಕಾರ್ಬನ್ ಕ್ರೆಡಿಟ್ ಸಿಗುವುದಿಲ್ಲ

ಪ್ರಶ್ನೆ: ಮೂಡಿಗೆರೆ ಬಳಿ ನಮ್ಮದು 12 ಎಕರೆ ಕಾಫಿ ತೋಟ. ಸುಮಾರು 40 ವರ್ಷದ ಮತ್ತಿ, ಹಲಸು, ಸಿಲ್ವರ್ ಓಕ್ ಮರಗಳಿವೆ. ನೋಂದಣಿ ಶುಲ್ಕ ಕಟ್ಟಿದರೆ ಪ್ರತಿವರ್ಷ ಕಾರ್ಬನ್ ಕ್ರೆಡಿಟ್ ಹಣ ಬರುತ್ತದೆ ಎಂದು ಏಜೆಂಟರೊಬ್ಬರು ಹೇಳುತ್ತಾರೆ. ಕಟ್ಟಬಹುದೇ?

ಕಟ್ಟಬೇಡಿ. ಊರಿನ ಹೆಸರು ಮಾತ್ರ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿಸ್ತಾರವಾಗಿಯೇ ಉತ್ತರಿಸುತ್ತೇನೆ. ಒಂದು ಕ್ರೆಡಿಟ್ ಎಂದರೆ ಗಾಳಿಯಿಂದ ತೆಗೆದ ಇಲ್ಲವೇ ಗಾಳಿಗೆ ಸೇರದಂತೆ ತಡೆದ ಒಂದು ಟನ್ ಇಂಗಾಲದ ಡೈಆಕ್ಸೈಡ್ ಎಂಬುದನ್ನು ಏಜೆಂಟರೂ ಹೇಳುತ್ತಾರೆ. ಕೊಳ್ಳುವವನು ಅದನ್ನು ಯಾಕೆ ಕೊಳ್ಳುತ್ತಾನೆ ಎಂಬುದನ್ನು ಹೇಳುವುದಿಲ್ಲ. ತಾನು ಬಿಟ್ಟ ಹೊಗೆಗೆ ಪ್ರತಿಯಾಗಿ ಕಂಪನಿ ಹಣ ಕೊಡುವುದು, ಆ ಹಣವಿಲ್ಲದಿದ್ದರೆ ನಡೆಯುತ್ತಲೇ ಇರಲಿಲ್ಲ ಎನ್ನುವಂಥ ಕೆಲಸಕ್ಕೆ. ನಿಮ್ಮ ಹಿರಿಯರು ಮತ್ತಿಯನ್ನು ಕಾಫಿಯ ನೆರಳಿಗೆಂದು ಉಳಿಸಿಕೊಂಡರು, ಸಿಲ್ವರ್ ಓಕನ್ನು ಮೆಣಸಿನ ಬಳ್ಳಿ ಹಬ್ಬಿಸಲೆಂದು ನೆಟ್ಟರು. ಕ್ರೆಡಿಟ್ ಬರಲಿ ಬಿಡಲಿ, ಅವು ಅಲ್ಲಿಯೇ ಇರುತ್ತವೆ. ಈ 'ಹೆಚ್ಚುವರಿತನ'ದ ಪರೀಕ್ಷೆಯಲ್ಲಿ ಹಳೆಯ ತೋಟ ಮೊದಲ ಸುತ್ತಿಗೇ ಬೀಳುತ್ತದೆ. ಮರ ಉಳಿಸಿಕೊಂಡವನಿಗೆ ಏನೂ ಇಲ್ಲ, ಬೋಳು ಜಮೀನಿನಲ್ಲಿ ಇಂದು ನೆಡುವವನಿಗೆ ಬಾಗಿಲು ತೆರೆದಿದೆ ಎಂಬುದು ಅನ್ಯಾಯವೆಂದು ನನಗೂ ಅನ್ನಿಸುತ್ತದೆ.

ಹೊಸದಾಗಿ ನೆಟ್ಟರೆ? ಒಣ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಒಂದು ಕಿಲೊ ಇಂಗಾಲಕ್ಕೆ 3.67 ಕಿಲೊ ಡೈಆಕ್ಸೈಡ್. ಎಕರೆಯ ಹೊಸ ಮರಗಳು ವರ್ಷಕ್ಕೆ ಒಂದು ಟನ್ ಒಣ ತೂಕ ಏರಿಸಿಕೊಂಡವೆಂದರೂ ಎರಡು ಕ್ರೆಡಿಟ್ ತುಂಬುವುದಿಲ್ಲ. ಟನ್ನಿಗೆ 1,000 ರೂಪಾಯಿ ಹಿಡಿದರೆ ಸಿಗುವ 1,800ರಲ್ಲಿ ಅಳತೆ, ತಪಾಸಣೆ, ಮಧ್ಯವರ್ತಿಯ ಪಾಲು ಕಳೆಯಬೇಕು. ಬೆಂಕಿ, ಗಾಳಿಗೆ ಮರ ಹೋದೀತೆಂದು ಕೆಲವು ಕ್ರೆಡಿಟ್‌ಗಳನ್ನು ಮೀಸಲಿಗೂ ತೆಗೆದಿಡುತ್ತಾರೆ. ಇಷ್ಟಕ್ಕೆ ಪ್ರತಿಯಾಗಿ ದಶಕಗಳ ಕಾಲ ಮರ ಉಳಿಸಿಕೊಳ್ಳುವ ಕರಾರಿಗೆ ರುಜು ಹಾಕಬೇಕು. ಬೆಲೆ ಕುಸಿದ ವರ್ಷ ಸಿಲ್ವರ್ ಓಕ್ ಮಾರಿ ಬ್ಯಾಂಕಿನ ಕಂತು ಕಟ್ಟಿದವರಿಗೆ ಈ ಷರತ್ತಿನ ಭಾರವನ್ನು ನಾನು ವಿವರಿಸಬೇಕಾಗಿಲ್ಲ. ನಾನು ಅತಿ ಅಂಜುಬುರುಕನೆಂದು ಸಹೋದ್ಯೋಗಿಗಳು ಗೊಣಗುತ್ತಾರೆ, ಗೊಣಗಲಿ. ಹೊಗೆ ತಗ್ಗಿಸಲು ದೇಶಗಳು ಮಾಡಿಕೊಂಡ ಕ್ಯೋಟೊ ಒಪ್ಪಂದದ ಕ್ರೆಡಿಟ್ 2008ರಲ್ಲಿ ಟನ್ನಿಗೆ 20 ಯೂರೊ ದಾಟಿದ್ದನ್ನೂ 2012ರ ಕೊನೆಗೆ ಒಂದು ಯೂರೊಗಿಂತ ಕೆಳಗಿಳಿದದ್ದನ್ನೂ ಕಂಡವನು ನಾನು.

ಕೇಂದ್ರ ಸರ್ಕಾರ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನು ಅಧಿಸೂಚಿಸಿದ್ದು ನಿಜ. ಆದರೆ ಅದರ ಕಡ್ಡಾಯ ಭಾಗ ಸಿಮೆಂಟ್, ಅಲ್ಯೂಮಿನಿಯಂನಂಥ ಕಾರ್ಖಾನೆಗಳಿಗೆ ಸಂಬಂಧಿಸಿದ್ದು. ಆ ಅಧಿಸೂಚನೆಯ ನಕಲು ತೋರಿಸಿ ಶುಲ್ಕ ಕೇಳುವವನನ್ನು ಗೇಟಿನಿಂದಲೇ ವಾಪಸು ಕಳಿಸಿ. ಅಷ್ಟು ಲಾಭವಿದ್ದರೆ ಅವನೇ ತನ್ನ ಹಣ ಹೂಡಲಿ.

ಪ್ರಶ್ನೆ: ಒಂದು ಮರ ಕೋಟಿ ರೂಪಾಯಿಯ ಆಮ್ಲಜನಕ ಕೊಡುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಜವೇ?

ಕೊಳ್ಳುವವನೇ ಇಲ್ಲದ ಸರಕಿಗೆ ಸಿಲಿಂಡರಿನ ದರ ಕಟ್ಟಿದರೆ ಎಷ್ಟು ಕೋಟಿ ಬೇಕಾದರೂ ಬರುತ್ತದೆ. ಮುಂದಿನ ಪ್ರಶ್ನೆ.

ಪ್ರಶ್ನೆ: ಯುರೋಪಿನ ಗಡಿ ಕಾರ್ಬನ್ ತೆರಿಗೆ ನಮ್ಮ ಕಾಫಿಗೂ ಬೀಳುತ್ತದೆಯೇ?

ಇಲ್ಲ, ಆಮದು ಸರಕು ತಯಾರಿಸುವಾಗ ಬಿಟ್ಟ ಹೊಗೆಯ ಲೆಕ್ಕದಲ್ಲಿ ಹಾಕುವ ಆ ತೆರಿಗೆ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ಹೈಡ್ರೋಜನ್, ವಿದ್ಯುತ್ತಿಗೆ ಸಂಬಂಧಿಸಿದ್ದು. ಕಾಫಿಗೆ ತಗಲುವುದು ಅವರ ಅರಣ್ಯನಾಶ ತಡೆ ಕಾಯ್ದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಮೀನಿನ ಬೆಳೆಯಲ್ಲವೆಂದು ತೋರಿಸಲು ತೋಟದ ನಿಖರ ಸ್ಥಳಗುರುತನ್ನು ಅದು ಕೇಳುತ್ತದೆ. ಏಜೆಂಟರಿಗೆಂದು ತೆಗೆದಿಟ್ಟ ಹಣವಿದ್ದರೆ ಸರ್ವೆ ದಾಖಲೆ ಸರಿಪಡಿಸಿಕೊಳ್ಳಲು ಖರ್ಚು ಮಾಡಿ.